ಮೊಲದ ಡಾಕ್ಟರಿಗೆ ನಾನು ಮೊದಲು ಕೇಳುವ ಪ್ರಶ್ನೆ

ಮೊಲಕ್ಕೆ ಡಾಕ್ಟರನ್ನು ಹುಡುಕುವಾಗ ಕ್ಲಿನಿಕ್ ಹತ್ತಿರ ಇದೆಯಾ, ಫೀಸು ಎಷ್ಟು ಅಂತ ನೋಡಿ ಎಂದು ಲೇಖನದಲ್ಲಿ ಬರೆದಿದ್ದೀರಿ. ಅದೂ ಬೇಕು. ಆದರೆ ನಾನು ಮೊದಲು ಕೇಳುವುದೇ ಬೇರೆ: ಆಪರೇಷನ್‌ಗೆ ಮುಂಚೆ ಮೊಲವನ್ನು ಉಪವಾಸ ಇಡಬೇಕಾ? ‘ಹಿಂದಿನ ರಾತ್ರಿಯಿಂದ ಏನೂ ಕೊಡಬೇಡಿ’ ಅಂದರೆ ಅಲ್ಲಿಂದ ಎದ್ದು ಬನ್ನಿ. ನಾಯಿ, ಬೆಕ್ಕಿನ ಲೆಕ್ಕ ಬೇರೆ, ಮತ್ತಿನಲ್ಲಿ ವಾಂತಿ ಮಾಡಿಕೊಳ್ಳಬಾರದು ಅಂತ ಅವನ್ನು ಉಪವಾಸ ಇಡುತ್ತಾರೆ. ಮೊಲಕ್ಕೆ ವಾಂತಿ ಮಾಡಲು ಆಗುವುದಿಲ್ಲ. ಹೊಟ್ಟೆ ಖಾಲಿ ಬಿಟ್ಟರೆ ಕರುಳಿನ ಓಟವೇ ನಿಂತುಹೋಗಬಹುದು.

ಒಂದು ಭಾನುವಾರ ಬೆಳಿಗ್ಗೆ ನಮ್ಮ ಮೊಲ ಕೊತ್ತಂಬರಿ ಸೊಪ್ಪನ್ನೂ ಮುಟ್ಟಲಿಲ್ಲ. ಟ್ರೇಯಲ್ಲಿ ಒಂದು ಹಿಕ್ಕೆ ಇರಲಿಲ್ಲ. ಮೊದಲು ಹೋದ ಕಡೆ ‘ನಾಳೆವರೆಗೆ ನೋಡೋಣ’ ಅಂದರು. ಮನಸ್ಸು ತಡೆಯಲಿಲ್ಲ, ಇನ್ನೊಬ್ಬರ ಹತ್ತಿರ ಓಡಿದೆವು. ಅವರು ಮೇಜಿನ ಮೇಲೆ ಟವೆಲ್ ಹಾಸಿದರು. ಹಿಂಭಾಗಕ್ಕೆ ಕೈ ಕೊಟ್ಟು ಮೆಲ್ಲಗೆ ಎತ್ತಿದರು, ಯಾಕೆಂದರೆ ಮೊಲ ಜೋರಾಗಿ ಒದ್ದುಕೊಂಡರೆ ಅದರ ಬೆನ್ನುಮೂಳೆಯೇ ಮುರಿಯಬಹುದು. ತೂಕ ನೋಡಿ, ಹೊಟ್ಟೆ ಮುಟ್ಟಿ ನೋಡಿ, ಆಮೇಲೆ ಕಿವಿ ನೋಡುವ ಉಪಕರಣವನ್ನೇ ಬಾಯೊಳಗೆ ಇಟ್ಟು ದವಡೆ ಹಲ್ಲು ನೋಡಿದರು. ಹಲ್ಲಿನ ಅಂಚು ಮುಳ್ಳಿನ ಹಾಗೆ ಬೆಳೆದು ನಾಲಿಗೆಗೆ ಚುಚ್ಚುತ್ತಿತ್ತು. ಪಾಪ, ಹೇಗೆ ತಿನ್ನುತ್ತೆ! ಮೊಲದ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತೆ. ಬರೀ ಮುಂದಿನ ಹಲ್ಲು ನೋಡಿ ‘ಸರಿಯಿದೆ’ ಅಂದರೆ ಸಾಲದು ಅಲ್ವಾ? ನೋವಿಗೂ ಔಷಧಿ ಕೊಟ್ಟರು, ಸಿರಿಂಜಿನಲ್ಲಿ ತಿನ್ನಿಸುವುದನ್ನೂ ಕಲಿಸಿದರು.

ಅಮಾಕ್ಸಿಸಿಲಿನ್ ಅನ್ನೋ ಆಂಟಿಬಯೋಟಿಕ್ ಬಾಯಿಗೆ ಹಾಕಲು ಬರೆದುಕೊಟ್ಟರೆ, ಮೈಮೇಲಿನ ಉಣ್ಣಿ ಹುಳಕ್ಕೆ ಅಂತ ಫಿಪ್ರೋನಿಲ್ ಔಷಧಿ ಹಚ್ಚಲು ಹೇಳಿದರೆ ದಯವಿಟ್ಟು ಬೇಡ ಅನ್ನಿ. ನಾಯಿಗೆ ಕೊಡುವ ಈ ಎರಡೂ ಮೊಲದ ಪ್ರಾಣ ತೆಗೆಯಬಹುದು.