ಸೆಮಿಸ್ಟರ್ ಸಮಾರೋಪ: ಆಯೋಜಕರ ಕೈಪಿಡಿ

ಕೋಲಾರ ಸೀಮೆಯ ಭೌತಶಾಸ್ತ್ರ ವಿಭಾಗದಲ್ಲಿ ಸೆಮಿಸ್ಟರ್ ಕೊನೆಯ ವಿಶೇಷ ಉಪನ್ಯಾಸ ಏರ್ಪಡಿಸುವವರು ಮೊದಲು ಬೆಂಗಳೂರಿಗೆ ಫೋನ್ ಮಾಡಬೇಕು. ಎಪ್ಪತ್ತು ಕಿಲೋಮೀಟರ್ ದೂರದಿಂದ ಬಂದವರಿಗೆ ಮಾತ್ರ ವಿಷಯ ಗೊತ್ತಿರುತ್ತದೆ ಎಂಬುದು ಪ್ರಯೋಗವೇ ಬೇಡದ ನಿಯಮ. ಆಹ್ವಾನ ಪತ್ರಿಕೆಯಲ್ಲಿ ಸಮಯ 10.30 ಎಂದಿರಲಿ. ಅತಿಥಿಗಳ ಕಾರು ಆಗಿನ್ನೂ ಹೊಸಕೋಟೆ ದಾಟಿರುವುದಿಲ್ಲ.

ದೀಪದ ವಿಚಾರ. ಬತ್ತಿಯನ್ನು ಮೊದಲೇ ಎಣ್ಣೆಯಲ್ಲಿ ನೆನೆಸಿ, ತುದಿಗೆ ಚೂರು ಕರ್ಪೂರ ಇಟ್ಟರೆ ಥಟ್ಟನೆ ಹತ್ತಿಕೊಳ್ಳುತ್ತದೆ. ಹಾಗೆ ಯಾರೂ ಮಾಡುವುದಿಲ್ಲ. ಒಣಬತ್ತಿ, ನೆತ್ತಿಯ ಮೇಲೆ ಫ್ಯಾನು, ಫ್ಯಾನಿನ ಸ್ವಿಚ್ಚು ಫ್ಲೆಕ್ಸ್ ಬ್ಯಾನರಿನ ಹಿಂದೆ. ಬತ್ತಿ ಐದು, ಗಣ್ಯರು ಒಂಬತ್ತು. ಶಾಖ ಹರಡುವ ಬಗೆಗಳಾದ ವಹನ, ಸಂವಹನ, ವಿಕಿರಣ ಮೂರನ್ನೂ ವರ್ಷವಿಡೀ ಬೋಧಿಸಿದವರು ಮೇಣದಬತ್ತಿಗೆ ಅಂಗೈ ಅಡ್ಡ ಹಿಡಿದು ನಿಂತಿರುತ್ತಾರೆ. ಕೊನೆಗೆ ಫ್ಯಾನು ಆರಿಸುವುದು ಅಟೆಂಡರ್.

ಆಮೇಲೆ ಮೈಕು ಕಿರುಚುತ್ತದೆ. ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಹೊಕ್ಕು, ಆಂಪ್ಲಿಫೈಯರಿನಲ್ಲಿ ಹಿಗ್ಗಿ, ಒಂದು ಸುತ್ತಿನ ಗೇನ್, ಅಂದರೆ ಸದ್ದು ಹಿಗ್ಗುವ ಪಟ್ಟು, ಒಂದನ್ನು ಮುಟ್ಟಿ ಅಲೆಗಳ ತಾಳವೂ ಕೂಡಿದರೆ ಸಾಕು, ಸಭಾಂಗಣವೇ ತಾನಾಗಿ ಕಂಪಿಸುವ ಆಸಿಲೇಟರ್. ಬಾರ್ಕ್‌ಹೌಸನ್ ಷರತ್ತು ಎಂದು ಪರೀಕ್ಷೆಯಲ್ಲಿ ಕೇಳುವುದು ಇದನ್ನೇ. ವೇದಿಕೆಯ ಮೇಲಿನ ಡಾಕ್ಟರೇಟುಗಳು ಒಬ್ಬೊಬ್ಬರಾಗಿ ಮೈಕನ್ನು ಕುಟ್ಟಿ, ಊದಿ, ‘ಹಲೋ ಹಲೋ’ ಎಂದು ಸುಸ್ತಾದ ಮೇಲೆ ಶಾಮಿಯಾನದ ಹುಡುಗ ಬಂದು ಸ್ಪೀಕರ್ ಬಾಕ್ಸನ್ನು ಮೈಕಿಗಿಂತ ಮುಂದಕ್ಕೆ ತಳ್ಳಿ, ಸಭಿಕರ ಕಡೆ ತಿರುಗಿಸಿ, ವಾಲ್ಯೂಮ್ ಒಂದಿಷ್ಟು ಇಳಿಸುತ್ತಾನೆ. ಆ ದಿನ ಅಲ್ಲಿ ನಡೆಯುವ ಭೌತಶಾಸ್ತ್ರ ಅಷ್ಟೇ. ಅವನಿಗೆ ಶಾಲು ಇಲ್ಲ.

ಶಾಲು, ಮೈಸೂರು ಪೇಟ, ಏಲಕ್ಕಿ ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ: ತಲೆಗೆ ನಾಲ್ಕು ನಿಮಿಷದಂತೆ ಒಂಬತ್ತು ತಲೆಗೆ 36 ನಿಮಿಷ. ಫೋಟೊ ಸರಿಯಾಗಿ ಬರಲಿಲ್ಲವೆಂದು ಎರಡನೇ ಸಲ ಹೊದಿಸುವ ಶಾಲು ಲೆಕ್ಕಕ್ಕಿಲ್ಲ. ಆಕಾಶದಿಂದ ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು ಮ್ಯೂಯಾನ್, ಅಂದರೆ ಕಾಸ್ಮಿಕ್ ಕಿರಣಗಳಿಂದ ಹುಟ್ಟುವ ಕಣ, ಬೀಳುತ್ತಿರುತ್ತದೆ. ಪೇಟದ ನೆತ್ತಿ 400 ಚದರ ಸೆಂಟಿಮೀಟರ್ ಎಂದುಕೊಂಡರೂ ಸನ್ಮಾನ ಮುಗಿಯುವಷ್ಟರಲ್ಲಿ ಒಂದೊಂದು ಪೇಟವನ್ನು 14,400 ಮ್ಯೂಯಾನುಗಳು ಹಾದು ಹೋಗಿರುತ್ತವೆ, ಸ್ವಾಗತ ಭಾಷಣಕ್ಕೆ ಕಾಯದೆ.

ಈ ಮ್ಯೂಯಾನುಗಳ ಕಾಟ ತಪ್ಪಿಸಲೆಂದೇ ಕೆಜಿಎಫ್ ಚಿನ್ನದ ಗಣಿಯಲ್ಲಿ ವಿಜ್ಞಾನಿಗಳು ಎರಡು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದದ್ದು. ವಾಯುಮಂಡಲದಲ್ಲಿ ಹುಟ್ಟಿ, ಹೆಚ್ಚುಕಮ್ಮಿ ಯಾವುದಕ್ಕೂ ತಗುಲದೆ ಹಾದುಹೋಗುವ ನ್ಯೂಟ್ರಿನೊ ಕಣಗಳ ಸುಳಿವು ಅಲ್ಲಿ ಸಿಕ್ಕಿದ್ದು 1965ರಲ್ಲಿ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಜೊತೆ ಜಪಾನಿನ ಒಸಾಕಾದವರೂ ಇಂಗ್ಲೆಂಡಿನ ಡರ್ಹಾಮಿನವರೂ ಇದ್ದರು. ಪ್ರೋಟಾನ್ ಕ್ಷಯಿಸುತ್ತದೆಯೇ ಎಂದು 1980ರ ದಶಕದಲ್ಲಿ ಕಾದು ಕೂತದ್ದೂ ಅದೇ ಗಣಿಗಳಲ್ಲಿ. 2001ರಲ್ಲಿ ಗಣಿ ಮುಚ್ಚಿತು. ಇದ್ಯಾವುದೂ ಉಪನ್ಯಾಸದಲ್ಲಿ ಬರಕೂಡದು. ಅತಿಥಿಗಳು ಜಿನೀವಾ ಬಳಿ ಕಣಗಳನ್ನು ಡಿಕ್ಕಿ ಹೊಡೆಸುವ 27 ಕಿಲೋಮೀಟರ್ ಉಂಗುರದ ಚಿತ್ರ ತೋರಿಸಿ, ‘ನಮ್ಮ ನೆಲದಲ್ಲಿ ಇಂಥ ಪ್ರಯೋಗ ಎಂದು?’ ಎಂದು ನಿಟ್ಟುಸಿರು ಬಿಡಬೇಕು. ಸಭೆ ಚಪ್ಪಾಳೆ ತಟ್ಟಬೇಕು. ಗಣಿಯಿರುವ ಊರಿನಿಂದ ದಿನಾ ಬಸ್ಸಿನಲ್ಲಿ ಬರುವ ವಿದ್ಯಾರ್ಥಿಗಳೂ ತಟ್ಟಬೇಕು.

ವಿದ್ಯಾರ್ಥಿಗಳ ಪ್ರಬಂಧ ಮಂಡನೆಗೆ ಉಳಿಯುವುದು ತಲಾ ಮೂರು ನಿಮಿಷ. ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ, ಪ್ರೊಜೆಕ್ಟರಿನಲ್ಲಿ ವಿಜಿಎ, ನಡುವಿನ ಕನ್ವರ್ಟರ್ ಬೀರುವಿನಲ್ಲಿ, ಬೀರುವಿನ ಕೀಲಿ ರಜೆಯಲ್ಲಿರುವವರ ಜೇಬಿನಲ್ಲಿ. ಹಳೆಯ ನುಡಿ ಫಾಂಟಿನ ಸ್ಲೈಡುಗಳನ್ನು ಆ ಫಾಂಟೇ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ‘ಕ್ವಾಂಟಮ್’ ಎಂಬುದು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ನಿಲ್ಲುತ್ತದೆ. ಫಾಂಟ್ ಸೇರಿಸಿ ಪಿಡಿಎಫ್ ಮಾಡಿ ತಂದರೆ ಈ ತಾಪತ್ರಯವಿಲ್ಲ. ಹಾಗೆ ತಂದ ಹುಡುಗಿಯ ಸರದಿ ಬರುವ ಹೊತ್ತಿಗೆ ಊಟದ ಗಂಟೆಯಾಗಿರುತ್ತದೆ.

ವರದಿಯನ್ನು ಹಿಂದಿನ ದಿನವೇ ಸಿದ್ಧಮಾಡಿಡಿ. ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್‌ನ ಕಡತಕ್ಕೆ ಸ್ಥಳ ನಮೂದಾದ ಜಿಯೋಟ್ಯಾಗ್ ಫೋಟೊ, ಹಾಜರಿ ಸಹಿ, ‘ವಿದ್ಯಾರ್ಥಿಗಳು ಅಪಾರ ಪ್ರಯೋಜನ ಪಡೆದರು’ ಎಂಬ ವಾಕ್ಯ ಬೇಕು. ಕಳೆದ ಸಲದ ವರದಿಯಲ್ಲಿ ಅತಿಥಿಗಳ ಹೆಸರು ಬದಲಿಸಿದರೆ ಸಾಕು. ಮೂರನೇ ಪುಟದಲ್ಲಿ ಹಳಬರ ಹೆಸರು ಉಳಿದಿರುತ್ತದೆ, ಅಲ್ಲೊಮ್ಮೆ ನೋಡಿಕೊಳ್ಳಿ.