ಹಡಗಿನ ಊಟದ ಸಾಲು, ಎಂಜಲು ತಟ್ಟೆ

ಎರಡನೇ ದಿನ ಬೆಳಿಗ್ಗೆ ಎಂಟೂವರೆ ಇರಬೇಕು. ನಮ್ಮ ಪ್ರವಾಸದ ಹಡಗು (ಕ್ರೂಸ್) ಸಿಂಗಪುರ ಬಿಟ್ಟು ಪೆನಾಂಗ್ ಕಡೆ ಹೊರಟಿತ್ತು. ಹದಿನಾಲ್ಕನೇ ಮಹಡಿಯ ಬಫೆ ಹಾಲ್‌ನಲ್ಲಿ ಕಾಲಿಡಲು ಜಾಗ ಇರಲಿಲ್ಲ. ನನ್ನ ಮುಂದಿದ್ದವರು ಆಗಲೇ ಒಂದು ಸುತ್ತು ತಿಂದು, ಅದೇ ತಟ್ಟೆ ಹಿಡಿದುಕೊಂಡು ಮತ್ತೆ ಬಂದಿದ್ದರು. ತಟ್ಟೆಯ ಅಂಚಿನಲ್ಲಿ ಒಣಗಿದ ಚಟ್ನಿ, ಪಕ್ಕದಲ್ಲಿ ಕಚ್ಚಿ ಬಿಟ್ಟ ಪೂರಿ. ಉಪ್ಪಿಟ್ಟಿನ ಸೌಟು ತೆಗೆದು ತಟ್ಟೆಗೆ ಬಡಿದು ಬಡಿದು ಹಾಕಿಕೊಂಡರು. ಸೌಟಿಗೆ ಅಂಟಿದ್ದೂ ಬೀಳಲಿ ಅಂತ ತಟ್ಟೆಯ ಅಂಚಿಗೇ ಅದನ್ನು ಉಜ್ಜಿದರು. ಆಮೇಲೆ ಅದೇ ಸೌಟು ವಾಪಸ್ ಉಪ್ಪಿಟ್ಟಿನೊಳಗೆ ಹೋಯಿತು.

ಅಲ್ಲಿ ನಿಂತಿದ್ದ ಹುಡುಗಿಗೆ ಇಪ್ಪತ್ತೈದು ವರ್ಷ ಇರಬಹುದು. ಎದೆಯ ಮೇಲಿನ ಪಟ್ಟಿಯಲ್ಲಿ ಅವಳ ಹೆಸರು, ಅದರ ಕೆಳಗೆ ಫಿಲಿಪೀನ್ಸ್ ಅಂತ ದೇಶದ ಹೆಸರು. "ಸರ್, ದಯವಿಟ್ಟು ಹೊಸ ಪ್ಲೇಟ್" ಅಂತ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿ ತೊಳೆದ ತಟ್ಟೆ ಮುಂದೆ ಹಿಡಿದಳು. ಅವರು ಹೆಂಡತಿ ಕಡೆ ತಿರುಗಿ ಕನ್ನಡದಲ್ಲೇ ಹೇಳಿದರು: "ನನ್ನ ತಟ್ಟೆ, ನನ್ನ ಎಂಜಲು. ಇವಳಿಗೇನಂತೆ ಕಷ್ಟ?"

ಅವಳಿಗೆ ಮಾತು ಅರ್ಥ ಆಗಲಿಲ್ಲ, ಮುಖ ಅರ್ಥ ಆಯಿತು. ಏನೂ ಹೇಳದೆ ಆ ಸೌಟನ್ನೂ ಉಪ್ಪಿಟ್ಟಿನ ಇಡೀ ಪಾತ್ರೆಯನ್ನೂ ಎತ್ತಿಕೊಂಡು ಒಳಗೆ ಹೋದಳು. ಹೊಸದು ಬರಲು ಐದು ನಿಮಿಷ ಆಯಿತು. ಅಷ್ಟರಲ್ಲಿ ಸಾಲಿನಲ್ಲಿದ್ದವರು ಗೊಣಗಿದ್ದೆಲ್ಲ ಅವಳ ಮೇಲೆ. ತಟ್ಟೆ ಹಿಡಿದು ಬಂದವರಿಗೆ ಯಾರೂ ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಅದು ನನ್ನನ್ನು ಇವತ್ತಿಗೂ ಕೊರೆಯುತ್ತಿದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾವು ಮನೆಯವರೆಲ್ಲ ಸೇರಿ 11 ಜನ ಹೋಗಿದ್ದೆವು. ಸಿಂಗಪುರದಿಂದ ಹೊರಟು ಪೆನಾಂಗ್, ಫುಕೆಟ್ ನೋಡಿಕೊಂಡು ವಾಪಸ್. ನಾಲ್ಕು ರಾತ್ರಿ. ಸಮುದ್ರ ಚೆನ್ನಾಗಿತ್ತು, ಕೋಣೆ ಚೆನ್ನಾಗಿತ್ತು, ಊಟವಂತೂ ಬೇಕಾದಷ್ಟು. ಜೈನ ಊಟದಿಂದ ಹಿಡಿದು ಎಲ್ಲಾ ಇತ್ತು. ಆದರೆ ಮನಸ್ಸಿನಲ್ಲಿ ಉಳಿದದ್ದು ಆ ಸೌಟು.

ಎಂಜಲು ಅನ್ನುವ ಪದ ನಮ್ಮಲ್ಲಿ ಎಷ್ಟು ಹಳೆಯದು! ನಮ್ಮಜ್ಜಿ ಬಡಿಸುವಾಗ ಸೌಟು ಎಲೆಗೆ ತಾಗುತ್ತಲೇ ಇರಲಿಲ್ಲ. ಒಂದು ಗೇಣು ಮೇಲಿಂದ ಬಡಿಸುತ್ತಿದ್ದರು. ತಾಗಿದರೆ ಆ ಸೌಟು ಬಚ್ಚಲಿಗೆ. ಈ ಪದದ ಹೆಸರಿನಲ್ಲಿ ಮನುಷ್ಯರನ್ನು ದೂರ ಇಟ್ಟ ಅನ್ಯಾಯವೂ ನಮ್ಮಲ್ಲಿ ನಡೆದಿದೆ. ಅದು ನನಗೆ ಗೊತ್ತು, ಅದನ್ನು ನಾನು ಖಂಡಿತ ಸಮರ್ಥಿಸುವುದಿಲ್ಲ. ನಾನು ಹೇಳುತ್ತಿರುವುದು ಬರೀ ಸೌಟಿನ ಮಾತು. ಒಬ್ಬರ ಬಾಯಿಯದು ಇನ್ನೊಬ್ಬರ ತಟ್ಟೆಗೆ ಹೋಗಬಾರದು, ಅಷ್ಟೇ. ಇಷ್ಟು ಸರಳವಾದದ್ದನ್ನು ನಾವು ಚಿಕ್ಕಂದಿನಿಂದ ಕಲಿತಿದ್ದೇವೆ. ಹಡಗು ಹತ್ತಿದ ತಕ್ಷಣ ಯಾಕೆ ಮರೆಯುತ್ತೇವೆ?

ಮರೆತರೆ ಏನಾಗುತ್ತೆ ಅಂತ ಹೇಳುತ್ತೇನೆ. ನೊರೊವೈರಸ್ ಅಂತ ಒಂದಿದೆ. ವಾಂತಿ, ಭೇದಿ ಬರಿಸುವ ವೈರಸ್. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು, ಲೆಕ್ಕ ಹಾಕಿದರೆ ನೂರರ ಒಳಗೇ, ಹೊಟ್ಟೆಗೆ ಹೋದರೆ ಸಾಕು, ಕಾಯಿಲೆ ಬರಬಹುದು. ಬಾಗಿಲಲ್ಲಿ ಕೈಗೆ ಹಚ್ಚಿಕೊಳ್ಳುವ ಸ್ಯಾನಿಟೈಸರ್‌ಗೆ ಇದು ಸರಿಯಾಗಿ ಬಗ್ಗುವುದಿಲ್ಲ. ಸೋಪು ಹಚ್ಚಿ 20 ಸೆಕೆಂಡ್ ಉಜ್ಜಿ ನೀರಲ್ಲಿ ತೊಳೆಯಲೇಬೇಕು. ಅದಕ್ಕೇ ಎಷ್ಟೋ ಹಡಗುಗಳಲ್ಲಿ ಬಫೆಯ ಬಾಗಿಲಲ್ಲೇ ಕೈ ತೊಳೆಯುವ ತೊಟ್ಟಿ ಇಟ್ಟಿರುತ್ತಾರೆ. ನಾನು ನೋಡುತ್ತಾ ನಿಂತಿದ್ದೆ. ಹತ್ತು ಜನರಲ್ಲಿ ಏಳೆಂಟು ಜನ ಅದರ ಪಕ್ಕದಲ್ಲೇ ಸುಮ್ನೆ ದಾಟಿ ಹೋಗುತ್ತಿದ್ದರು.

ಅಮೆರಿಕದಲ್ಲಿ 1970ರ ದಶಕದಿಂದಲೇ ಹಡಗುಗಳ ಶುಚಿತ್ವ ನೋಡಿಕೊಳ್ಳಲು ಸರ್ಕಾರದ ಒಂದು ವಿಭಾಗ ಇದೆ. ಅವರ ಲೆಕ್ಕದಲ್ಲಿ ಪ್ರಯಾಣಿಕರಲ್ಲಿ ಅಥವಾ ಸಿಬ್ಬಂದಿಯಲ್ಲಿ 3% ಮಂದಿಗೆ ವಾಂತಿ ಭೇದಿ ಬಂದರೆ ಆ ಹಡಗಿನ ವಿಷಯ ಎಲ್ಲರಿಗೂ ಕಾಣುವ ಹಾಗೆ ಪ್ರಕಟಿಸುತ್ತಾರೆ. ಮೂರು ಸಾವಿರ ಪ್ರಯಾಣಿಕರ ಹಡಗಿನಲ್ಲಿ 90 ಪ್ರಯಾಣಿಕರು ಮಲಗಿದರೆ ಸಾಕು. ಹಾಗಂತ ಹಡಗೇ ರೋಗದ ಮನೆ ಅಂತ ಹೆದರಬೇಡಿ. ಅಮೆರಿಕದಲ್ಲಿ ವರದಿಯಾಗುವ ನೊರೊವೈರಸ್ ಪ್ರಕರಣಗಳ ಗುಂಪುಗಳಲ್ಲಿ ಹಡಗಿನದು ಸುಮಾರು 1% ಮಾತ್ರ. ಆದರೆ ಹಡಗಿನಲ್ಲಿ ಬಂದರೆ ಇಳಿದು ಹೋಗಲು ಜಾಗ ಇಲ್ಲ. ಎಲ್ಲರಿಗೂ ಅದೇ ಸೌಟು, ಅದೇ ಇಕ್ಕಳ, ಮೆಟ್ಟಿಲಿಗೆ ಅದೇ ಹಿಡಿ.

2020ರಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗು ಜಪಾನಿನ ಯೊಕೊಹಾಮಾದಲ್ಲಿ ನಿಂತದ್ದು ನಿಮಗೆಲ್ಲ ನೆನಪಿರಬೇಕು. 3,711 ಜನರಿದ್ದ ಹಡಗು. 700ಕ್ಕೂ ಹೆಚ್ಚು ಜನರಿಗೆ ಕೋವಿಡ್ ಬಂತು. ಅದರಲ್ಲಿದ್ದ ನಮ್ಮ ದೇಶದ 138 ಮಂದಿಯಲ್ಲಿ 132 ಮಂದಿ ಸಿಬ್ಬಂದಿಯೇ. ಸಿಬ್ಬಂದಿಯಲ್ಲಿ ಮೊದಮೊದಲು ಸೋಂಕು ಕಂಡವರಲ್ಲಿ ಜಾಸ್ತಿ ಜನ ಊಟದ ವಿಭಾಗದವರು. ಆಮೇಲೆ ಜಪಾನಿನ ಎನ್‌ಎಚ್‌ಕೆ ಟಿವಿಯವರು ವೈದ್ಯರ ಜೊತೆ ಸೇರಿ ಒಂದು ಪ್ರಯೋಗ ಮಾಡಿ ತೋರಿಸಿದರು. ಹತ್ತು ಜನರಿಗೆ ಬಫೆ ಊಟ. ಒಬ್ಬರ ಕೈಗೆ ಮಾತ್ರ, ವಿಶೇಷ ಬೆಳಕಿನಲ್ಲಿ ಹೊಳೆಯುವ ಬಣ್ಣ. ಅರ್ಧ ಗಂಟೆ ಎಲ್ಲರೂ ಎಂದಿನಂತೆ ತಿಂದರು. ಆಮೇಲೆ ದೀಪ ಆರಿಸಿ ನೋಡಿದರೆ ಎಲ್ಲರ ಕೈಯಲ್ಲೂ ಬಣ್ಣ. ಮೂವರ ಮುಖದಲ್ಲೂ! ಬಡಿಸಲು ಬೇರೆಯವರನ್ನು ನಿಲ್ಲಿಸಿ, ಇಕ್ಕಳಗಳನ್ನು ಆಗಾಗ ಬದಲಾಯಿಸಿ ಅದೇ ಊಟ ಮತ್ತೆ ಮಾಡಿದಾಗ ಯಾರ ಮುಖಕ್ಕೂ ಬಣ್ಣ ಬರಲಿಲ್ಲ. ಆ ವಿಡಿಯೊ ನೋಡಿದ ಮೇಲೆ ನಾನು ಮದುವೆ ಮನೆಯ ಬಫೆಯಲ್ಲೂ ಬಡಿಸಿಕೊಂಡ ಮೇಲೆ ಇನ್ನೊಂದು ಸಲ ಕೈ ತೊಳೆದೇ ಊಟಕ್ಕೆ ಕೂರುವುದು.

ಈಗ ಸಾಲಿನ ವಿಷಯ. ಇದರಲ್ಲಿ ಒಂದು ನಿಜವಾದ ಗೊಂದಲ ಇದೆ, ಅದನ್ನು ಮೊದಲು ಹೇಳಬೇಕು. ಹೊಸ ಹಡಗುಗಳಲ್ಲಿ ಬಫೆ ಅಂದರೆ ಒಂದೇ ಉದ್ದ ಸಾಲಲ್ಲ. ಬ್ರೆಡ್ಡಿಗೆ ಒಂದು ಕಟ್ಟೆ, ಹಣ್ಣಿಗೆ ಒಂದು, ಬಿಸಿ ಅಡುಗೆಗೆ ಇನ್ನೊಂದು. ಗೊತ್ತಿಲ್ಲದವರು ಬಾಗಿಲಿಂದಲೇ ಒಬ್ಬರ ಹಿಂದೆ ಒಬ್ಬರು ನಿಂತು ಬಿಡುತ್ತಾರೆ. ಗೊತ್ತಿದ್ದವರು ನೇರವಾಗಿ ಹಣ್ಣಿನ ಹತ್ತಿರ ಹೋದರೆ "ಲೈನ್ ಮುರಿದರು" ಅಂತ ಜಗಳ. ಅದು ಲೈನ್ ಮುರಿದದ್ದಲ್ಲ. ಹಣ್ಣಿನ ಹತ್ತಿರ ಯಾರೂ ಇಲ್ಲದಿದ್ದರೆ ಹೋಗಿ ತೆಗೆದುಕೊಳ್ಳಬಹುದು. ಆದರೆ ಒಂದು ಕಟ್ಟೆಯ ಮುಂದೆ ಆರು ಜನ ನಿಂತಿರುವಾಗ "ನನಗೆ ಬರೀ ಮೊಸರು" ಅಂತ ಮಧ್ಯೆ ಕೈ ತೂರಿಸುವುದು ಖಂಡಿತ ತಪ್ಪು. ಅನುಮಾನ ಇದ್ದರೆ ಮುಂದಿನವರನ್ನು ಕೇಳಿ. "ನೀವು ಲೈನಲ್ಲಿದ್ದೀರಾ?" ಎರಡು ಪದ, ಅಷ್ಟೇ.

ಎಲ್ಲಕ್ಕಿಂತ ಬೇಜಾರಾದದ್ದು ದೋಸೆಯ ಹತ್ತಿರ. ಕಾವಲಿ ಒಂದೇ. ಒಂದು ಸಲಕ್ಕೆ ಎರಡು ದೋಸೆ. ನಮ್ಮತ್ತೆಗೆ 76 ವರ್ಷ, ಕೋಲು ಹಿಡಿದು ನಡೆಯುತ್ತಾರೆ. "ನೀವು ಕೂತಿರಿ, ನಾನು ತರ್ತೀನಿ" ಅಂದರೂ ಕೇಳಲಿಲ್ಲ. ಬಿಸಿ ದೋಸೆ ತಾವೇ ತರಬೇಕು ಅಂತ ಹಟ. ಅವರ ಮುಂದೆ ಹನ್ನೆರಡು ವರ್ಷದ ಹುಡುಗ ಒಬ್ಬ ಮೆಲ್ಲಗೆ ನುಸುಳಿದ. ಅತ್ತೆ ನಕ್ಕರು. "ಹೋಗ್ಲಿ ಬಿಡೇ, ಮಗು ಹಸಿದಿರಬೇಕು." ಎರಡು ನಿಮಿಷಕ್ಕೆ ಅವನ ಅಮ್ಮ ಬಂದರು, ಕೈಯಲ್ಲಿ ನಾಲ್ಕು ತಟ್ಟೆ. ಟೇಬಲ್‌ನಲ್ಲಿ ಕೂತಿದ್ದವರಿಗೆಲ್ಲ ಸೇರಿಸಿ ಒಂಬತ್ತು ದೋಸೆ ಹೇಳಿದರು. ಎರಡಕ್ಕೆ ತುಪ್ಪ ಬೇಡ, ಒಂದು ಗರಿಗರಿ, ಒಂದು ಮೆತ್ತಗೆ. ಅತ್ತೆ ಕಾಲು ಬದಲಿಸುತ್ತಾ ಇಪ್ಪತ್ತು ನಿಮಿಷ ನಿಂತರು. ಕೊನೆಗೆ ಒಂದು ಇಡ್ಲಿ ಹಾಕಿಕೊಂಡು ಬಂದು ಕೂತರು. ಏನೂ ದೂರಲಿಲ್ಲ. ನನಗೆ ಮಾತ್ರ ಗಂಟಲು ಕಟ್ಟಿತು.

ಎದುರಿಗೇ ಮಾಡಿ ಕೊಡುವ ಕಡೆ ಒಬ್ಬರಿಗೆ ಒಂದೋ ಎರಡೋ. ಬೇಕಾದರೆ ತಿಂದು ಮತ್ತೆ ಬನ್ನಿ. ಕೂತವರಿಗೆ ಬೇಕಾದರೆ ಅವರೇ ಎದ್ದು ಬರಲಿ. ನಡೆಯಲಾಗದವರು ಇದ್ದರೆ ಆ ಮಾತು ಬೇರೆ. ಮಗುವನ್ನು ಮುಂದೆ ತೂರಿಸಿ ಜಾಗ ಹಿಡಿಸುವುದಂತೂ ಬೇಡ. ಮಗು ಕಲಿಯುವುದು ಅದನ್ನೇ ಅಲ್ವಾ?

ನಮ್ಮಕ್ಕನ ಮಗ ಒಂಬತ್ತು ವರ್ಷದಿಂದ ಹಡಗಿನ ಅಡುಗೆ ಮನೆಯಲ್ಲಿದ್ದಾನೆ. ಊರು ಕಾಪು. ಆ ಕಡೆ ಎಷ್ಟೋ ಮನೆಯಲ್ಲಿ ಒಬ್ಬರಾದರೂ "ಶಿಪ್‌ನಲ್ಲಿ" ಇರುತ್ತಾರೆ. ವಾಪಸ್ ಬಂದ ಮೇಲೆ ಅವನಿಗೆ ಫೋನ್ ಮಾಡಿ ಈ ಸೌಟಿನ ಕತೆ ಹೇಳಿದೆ. ಅವನು ಹೇಳಿದ: "ಚಿಕ್ಕಮ್ಮ, ನಾನು ಸೇರಿದಾಗ ಮೊದಲು ಕೊಟ್ಟ ಕೆಲಸ ಏನು ಗೊತ್ತುಂಟಾ? ವಾಪಸ್ ಬಂದ ತಟ್ಟೆಯಿಂದ ಪ್ಲಾಸ್ಟಿಕ್, ಟಿಶ್ಯೂ ಕೈಯಲ್ಲಿ ಹೆಕ್ಕಿ ಬೇರೆ ಮಾಡುವುದು."

ಯಾಕೆ ಅಂದರೆ ತಟ್ಟೆಯಲ್ಲಿ ಬಿಟ್ಟ ಅನ್ನವನ್ನು ಯಂತ್ರದಲ್ಲಿ ಅರೆದು, ದಡದಿಂದ ದೂರ ಹೋದ ಮೇಲೆ ಸಮುದ್ರಕ್ಕೆ ಬಿಡಲು ಅನುಮತಿ ಇದೆ. ಅರೆದಿದ್ದರೆ ಕನಿಷ್ಠ 3 ನಾಟಿಕಲ್ ಮೈಲಿ (ಸಮುದ್ರದ ಮೈಲಿ, ಒಂದಕ್ಕೆ ಸುಮಾರು 1.85 ಕಿ.ಮೀ.), ಅರೆಯದಿದ್ದರೆ 12. ಕೆಲವು ಸಮುದ್ರಗಳಲ್ಲಿ ನಿಯಮ ಇನ್ನೂ ಬಿಗಿ. ಪ್ಲಾಸ್ಟಿಕ್ ಮಾತ್ರ ಒಂದು ಚೂರೂ ಬಿಡುವ ಹಾಗಿಲ್ಲ. ನಾವು ಸಾಸ್ ಪ್ಯಾಕೆಟ್ ಹರಿದು ಉಳಿದ ಪಲಾವಿನಲ್ಲಿ ಚುಚ್ಚಿ ಇಟ್ಟು ಎದ್ದು ಹೋಗುತ್ತೇವಲ್ಲ, ಅದನ್ನು ಯಾರೋ ಒಬ್ಬರ ಮಗ ಕೈ ಹಾಕಿ ತೆಗೆಯುತ್ತಾನೆ. ದುಡ್ಡು ಕೊಟ್ಟಿದ್ದೇವೆ ಅಂತ ಆರು ಥರದ ಕೇಕ್ ತುಂಬಿಕೊಂಡು ಒಂದೊಂದು ತುತ್ತು ತಿಂದು ಬಿಡುವವರನ್ನು ದಿನಾ ನೋಡಿದೆ. ಚೂರು ಚೂರು ಹಾಕಿಕೊಂಡು ಹತ್ತು ಸಲ ಬಂದರೂ ಅಲ್ಲಿ ಯಾರೂ ಬೇಡ ಅನ್ನುವುದಿಲ್ಲ. ಪ್ರತಿ ಸಲ ಹೊಸ ತಟ್ಟೆ ಮಾತ್ರ ತಗೊಳ್ಳಿ.

ಹಡಗಿನಲ್ಲಿ ವಾಂತಿ ಭೇದಿ ಶುರುವಾದರೆ ಏನು ಮಾಡುತ್ತೀರಿ ಅಂತಲೂ ಕೇಳಿದೆ. ಪ್ರಯಾಣಿಕರು ತಾವೇ ಬಡಿಸಿಕೊಳ್ಳುವುದನ್ನು ನಿಲ್ಲಿಸಿ ಸಿಬ್ಬಂದಿಯೇ ಬಡಿಸುತ್ತಾರೆ. ಮೆಟ್ಟಿಲ ಹಿಡಿ, ಲಿಫ್ಟಿನ ಗುಂಡಿ, ಕುರ್ಚಿಯ ಕೈ, ಎಲ್ಲವನ್ನೂ ರಾತ್ರಿ ಹಗಲು ಒರೆಸುತ್ತಾರೆ. ಕಾಯಿಲೆ ಬಿದ್ದ ಸಿಬ್ಬಂದಿಯನ್ನು ಕೋಣೆಯಲ್ಲೇ ಇರಿಸುತ್ತಾರೆ. ಅವರ ಪಾಲಿನ ಕೆಲಸ ಉಳಿದವರ ತಲೆಗೆ. ಹಡಗಿನ ಕೆಲಸಗಾರರಿಗಾಗಿ 2006ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಎರಡು ಲೆಕ್ಕ ಇವೆ. ಕೆಲಸ ವಾರಕ್ಕೆ 72 ಗಂಟೆ ಮೀರಬಾರದು, ಇಲ್ಲವೇ ವಿಶ್ರಾಂತಿ ವಾರಕ್ಕೆ 77 ಗಂಟೆಗಿಂತ ಕಮ್ಮಿ ಆಗಬಾರದು. ಎರಡರಲ್ಲಿ ಒಂದನ್ನು ಹಿಡಿದರೆ ಸಾಕು. ವಾರಕ್ಕೆ ಇರುವುದೇ 168 ಗಂಟೆ. ನೀವೇ ಕಳೆದು ನೋಡಿ. ಇವನಿಗೆ ಒಂದು ಸಲ ಹತ್ತಿದರೆ ಎಂಟು ತಿಂಗಳು, ಭಾನುವಾರ ಅಂತ ಇಲ್ಲ.

ಬಫೆ ಬಿಟ್ಟರೆ ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಬೆಳಿಗ್ಗೆ ಆರಕ್ಕೆ ಈಜುಕೊಳದ ಸುತ್ತ ಕುರ್ಚಿಗಳಿಗೆ ಟವೆಲ್ ಹಾಸಿ, ಮೇಲೆ ಒಂದು ಚಪ್ಪಲಿ ಇಟ್ಟು, ಮಧ್ಯಾಹ್ನದವರೆಗೆ ಪತ್ತೆ ಇಲ್ಲದವರು. ಲಿಫ್ಟಿನಿಂದ ಜನ ಇಳಿಯುವ ಮೊದಲೇ ಒಳಗೆ ನುಗ್ಗುವವರು. ರಾತ್ರಿ ಒಂದು ಗಂಟೆಗೆ ಕಾರಿಡಾರಿನಲ್ಲಿ ಸ್ಪೀಕರ್ ಹಾಕಿ ಊರಿಗೆ ವಿಡಿಯೊ ಕಾಲ್ ಮಾಡುವವರು. ಕಲ್ಯಾಣ ಮಂಟಪದ ಹಾಗೆ, ತಿನ್ನುತ್ತಿರುವವರ ಕುರ್ಚಿ ಹಿಂದೆ ಬಂದು ನಿಲ್ಲುವವರು. ಇವು ಕಿರಿಕಿರಿ, ಸಹಿಸಬಹುದು.

ಎರಡನ್ನು ಮಾತ್ರ ಸಹಿಸಬಾರದು. ಒಂದು, ಬಾಲ್ಕನಿಯಲ್ಲಿ ಕದ್ದು ಸಿಗರೇಟ್ ಸೇದಿ ತುಂಡನ್ನು ಹೊರಗೆ ಎಸೆಯುವುದು. ಅದು ಗಾಳಿಗೆ ಕೆಳಗಿನ ಬಾಲ್ಕನಿಗೇ ಬಂದು ಬೀಳುತ್ತೆ. 2006ರ ಮಾರ್ಚ್‌ನಲ್ಲಿ ಸ್ಟಾರ್ ಪ್ರಿನ್ಸೆಸ್ ಹಡಗಿನಲ್ಲಿ ಬಾಲ್ಕನಿಯಿಂದ ಬೆಂಕಿ ಹತ್ತಿ ಒಬ್ಬರು ತೀರಿಕೊಂಡರು. ಸಿಗರೇಟ್ ತುಂಡೇ ಕಾರಣ ಇರಬೇಕು ಅಂತ ತನಿಖೆ ಮಾಡಿದವರು ಹೇಳಿದರು. ಇನ್ನೊಂದು, ಹೊರಡುವ ಮೊದಲು ನಡೆಯುವ ಸುರಕ್ಷತಾ ಡ್ರಿಲ್ ತಪ್ಪಿಸಿಕೊಳ್ಳುವುದು. 2012ರ ಜನವರಿ 13ರಂದು ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು 32 ಜನ ಸತ್ತರು. ಆಗಿನ ನಿಯಮದಲ್ಲಿ ಹಡಗು ಹತ್ತಿದ 24 ಗಂಟೆಯೊಳಗೆ ಡ್ರಿಲ್ ಮಾಡಿದರೆ ಸಾಕಿತ್ತು. ಹಾಗಾಗಿ ಅವತ್ತೇ ಹತ್ತಿದ್ದ ನೂರಾರು ಜನರಿಗೆ ಡ್ರಿಲ್ ಆಗಿರಲೇ ಇಲ್ಲ. ಹಡಗು ಹೊರಡುವ ಮೊದಲೋ ಹೊರಟ ತಕ್ಷಣವೋ ಮಾಡಲೇಬೇಕು ಅಂತ ನಿಯಮ ಬಂದದ್ದು ಅದರ ನಂತರ. ಅಪಾಯದ ಸೂಚನೆಯಾಗಿ ಏಳು ಸಣ್ಣ ಶಬ್ದ, ಒಂದು ಉದ್ದ ಶಬ್ದ ಕೇಳಿದರೆ ಎಲ್ಲಿಗೆ ಹೋಗಬೇಕು ಅಂತ ಹತ್ತು ನಿಮಿಷದಲ್ಲಿ ಹೇಳಿಕೊಡುತ್ತಾರೆ. ನಮ್ಮ ಗುಂಪಿನಲ್ಲೇ ಇಬ್ಬರು "ಊಟ ಆರಿಹೋಗುತ್ತೆ" ಅಂತ ಅರ್ಧಕ್ಕೆ ಎದ್ದರು. ಕೈ ಹಿಡಿದು ಕೂರಿಸಿದೆ.

ಹೋಗುವವರಿಗೆ ಒಂದು ಉಪಯೋಗದ ಮಾತು. ಮೊದಲ ದಿನ ಮಧ್ಯಾಹ್ನ ಕೋಣೆ ಸಿದ್ಧ ಆಗಿರುವುದಿಲ್ಲ, ಎಲ್ಲರೂ ಬಫೆಗೇ ಓಡುತ್ತಾರೆ. ಆಗ ಕೇಳಿ ನೋಡಿ, ಕೂತು ಉಣ್ಣುವ ದೊಡ್ಡ ಊಟದ ಮನೆ ಎಷ್ಟೋ ಸಲ ತೆರೆದಿರುತ್ತೆ. ಅದೂ ಟಿಕೆಟ್ಟಿನಲ್ಲೇ ಸೇರಿರುತ್ತೆ. ನಾವು ಮೂರನೇ ದಿನ ತಿಳಿದುಕೊಂಡೆವು. ಅತ್ತೆ ಅವತ್ತು ನಿಲ್ಲದೆ, ಕೂತು, ತಮ್ಮ ದೋಸೆ ತಿಂದರು.

ಕೊನೆಯ ದಿನ ಬೆಳಿಗ್ಗೆ ಬೇಗ ಇಳಿಯಬೇಕಿತ್ತು, ಮತ್ತೆ ಬಫೆಗೇ ಹೋದೆವು. ಅದೇ ಹುಡುಗಿ ತಟ್ಟೆ ಜೋಡಿಸುತ್ತಿದ್ದಳು. ಅತ್ತೆ ಅವಳ ಕೈಯಿಂದ ತಟ್ಟೆ ತಗೊಂಡು, ಕನ್ನಡದಲ್ಲೇ ಕೇಳಿದರು: "ನೀನು ತಿಂಡಿ ತಿಂದ್ಯೇನಮ್ಮಾ?" ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಒಂದು ಕ್ಷಣ ಸುಮ್ಮನೆ ನಿಂತಳು. ಐದು ಗಂಟೆಗೆ ಕೆಲಸಕ್ಕೆ ಬಂದೆ, ಇದು ಮುಚ್ಚಿದ ಮೇಲೆ ಹನ್ನೊಂದಕ್ಕೆ ತಿನ್ನುತ್ತೇನೆ ಅಂದಳು.

ಆಗ ಏಳೂವರೆ ಆಗಿತ್ತು.