ಮಗುವಿನೊಳಗಿನ ಗಣಿಗಾರಿಕೆ

ಮಗು ಮೂರು ವರ್ಷವಾದರೂ ಮಾತಾಡುತ್ತಿಲ್ಲವೇ? ಲೋಹ. ಬಾಯಿ ಮುಚ್ಚದೆ ಮಾತಾಡುತ್ತದೆಯೇ? ಅದೂ ಲೋಹ. ರಾತ್ರಿ ನಿದ್ದೆಯಿಲ್ಲ, ಊಟಕ್ಕೆ ಹಟ, ಲೆಕ್ಕದಲ್ಲಿ ಮಂಕು. ಕರೆದರೆ ತಿರುಗಿ ನೋಡುವುದಿಲ್ಲ, ಕರೆಯದಿದ್ದಾಗ ಬಂದು ಮೈಮೇಲೆ ಬೀಳುತ್ತದೆ. ಎಲ್ಲದಕ್ಕೂ ಕಾರಣ ಒಂದೇ. ಸೀಸ, ಪಾದರಸ, ಆರ್ಸೆನಿಕ್, ಕ್ಯಾಡ್ಮಿಯಂ ಎಲ್ಲವೂ ಮಗುವಿನ ಮೈಯೊಳಗೆ ಸಂಸಾರ ಹೂಡಿವೆ. ತಾಯಿ ಒಂಬತ್ತು ತಿಂಗಳು ಹೊತ್ತದ್ದು ಮಗುವನ್ನಲ್ಲ, ಸಣ್ಣದೊಂದು ಗಣಿಯನ್ನು.

ಹೀಗನ್ನುವವರು ಡೀಟಾಕ್ಸ್ ತಜ್ಞರು. ಯಾವ ಸರ್ಕಾರದ ಪರವಾನಗಿಯೂ ಬೇಕಿಲ್ಲದ ಗಣಿಗಾರಿಕೆ ಇವರದು. ಎಲ್ಲಿ ಅಗೆದರೂ ಅದಿರು ಸಿಗುತ್ತದೆ, ಯಾವ ಮಗುವೂ ಬರಡಲ್ಲ. ಅಗೆದು ತೆಗೆಯುವ ಕೆಲಸಕ್ಕೆ ಕೀಲೇಶನ್ ಅಂತ ಹೆಸರು. ಲೋಹವನ್ನು ಹಿಡಿದುಕೊಂಡು ಮೂತ್ರದಲ್ಲಿ ಹೊರಗೆ ಹೋಗುವ ಔಷಧಿ ಕೊಡುವುದು. ಔಷಧಿ ನಿಜವಾದದ್ದೇ. ಆ ಕಥೆಗೆ ಆಮೇಲೆ ಬರೋಣ. ಮೊದಲು ಅದಿರು ಹುಡುಕುವ ವಿಧಾನ ನೋಡಿ, ಮಜಾ ಇರುವುದೇ ಅಲ್ಲಿ.

ಶುರುವಾಗುವುದು ಒಂದು ಫಾರಂನಿಂದ. ಪುಟಗಟ್ಟಲೆ ಪ್ರಶ್ನೆ. "ಮಗುವಿಗೆ ಕೆಲವೊಮ್ಮೆ ಸಿಟ್ಟು ಬರುತ್ತದೆಯೇ?" ಹೌದು ಅಂದರೆ ಒಂದು ಅಂಕ. ಇಲ್ಲ ಅಂದರೆ ಪಕ್ಕದಲ್ಲೇ "ಭಾವನೆ ತೋರಿಸುವುದಿಲ್ಲ" ಅಂತ ಇನ್ನೊಂದು ಖಾನೆ ಇದೆ, ಅಲ್ಲಿ ಅಂಕ. ಸಿಹಿ ಇಷ್ಟವೇ? ಆಟದ ಸಾಮಾನು ಎಸೆಯುತ್ತದೆಯೇ? ಇಷ್ಟಕ್ಕೂ "ಇಲ್ಲ" ಅನ್ನಿಸಿಕೊಳ್ಳುವ ಮಗು ಭೂಮಿಯ ಮೇಲೆ ಇದ್ದರೆ ಅದನ್ನು ನಿಜಕ್ಕೂ ಡಾಕ್ಟರಿಗೆ ತೋರಿಸಬೇಕು.

ಆಮೇಲೆ ಕೂದಲು. ಕತ್ತಿನ ಹಿಂದಿನಿಂದ ಒಂದಿಷ್ಟು ಕತ್ತರಿಸಿ ಲ್ಯಾಬಿಗೆ ಕಳಿಸುತ್ತಾರೆ. ಕೂದಲ ಮೇಲೆ ಶಾಂಪೂ ಇರುತ್ತದೆ, ಧೂಳು ಇರುತ್ತದೆ, ಬೆವರು ಇರುತ್ತದೆ. ಹೊರಗಿನಿಂದ ಅಂಟಿದ್ದು ಯಾವುದು, ಒಳಗಿನಿಂದ ಬಂದದ್ದು ಯಾವುದು ಅಂತ ಕೂದಲು ಹೇಳುವುದಿಲ್ಲ. ಆದರೆ ರಿಪೋರ್ಟ್ ಹೇಳುತ್ತದೆ! 1985ರಲ್ಲಿ ಅಮೆರಿಕದಲ್ಲಿ ಒಬ್ಬರು ಆರೋಗ್ಯವಾಗಿದ್ದ ಇಬ್ಬರು ಹದಿಹರೆಯದವರ ಕೂದಲನ್ನು ಸುಳ್ಳು ಹೆಸರಿನಲ್ಲಿ 13 ಲ್ಯಾಬುಗಳಿಗೆ ಕಳಿಸಿದರು. ಒಂದು ಲ್ಯಾಬಿಗೂ ಇನ್ನೊಂದಕ್ಕೂ ಲೆಕ್ಕ ತಾಳೆಯಾಗಲಿಲ್ಲ. ಹೋಗಲಿ ಬಿಡಿ, ಒಂದೇ ತಲೆಯ ಕೂದಲನ್ನು ಒಂದೇ ಲ್ಯಾಬಿಗೆ ಎರಡು ಸಲ ಕಳಿಸಿದರೂ ಬೇರೆ ಬೇರೆ ಉತ್ತರ ಬಂತು. ಜೊತೆಗೆ ಓದಿದರೆ ಎದೆ ನಡುಗುವಂಥ ಉದ್ದುದ್ದ ವಿವರಣೆ. ಕೆಲವು ಲ್ಯಾಬುಗಳು ಯಾವ ಮಾತ್ರೆ ತಗೋಬೇಕು ಅಂತಲೂ ಬರೆದು ಕಳಿಸಿದವು. ಅದರಲ್ಲೂ ಒಬ್ಬರ ಮಾತಿಗೂ ಇನ್ನೊಬ್ಬರ ಮಾತಿಗೂ ಸಂಬಂಧವಿರಲಿಲ್ಲ.

ಕೂದಲನ್ನು ನಂಬದ ಅಪ್ಪ ಅಮ್ಮಂದಿರೂ ಇರುತ್ತಾರೆ. ಅಂಥವರಿಗೆ ಮೂತ್ರ ಪರೀಕ್ಷೆ. ಈ ದಂಧೆಯ ಬುದ್ಧಿವಂತಿಕೆಯೆಲ್ಲ ಇರುವುದು ಇಲ್ಲೇ. ಮೊದಲು ಮಗುವಿಗೆ ಲೋಹ ಎಳೆಯುವ ಔಷಧಿಯನ್ನೇ ಕುಡಿಸುತ್ತಾರೆ. ಆಮೇಲೆ ಕೆಲವು ಗಂಟೆ ಮೂತ್ರ ಹಿಡಿದಿಟ್ಟು ಅಳೆಯುತ್ತಾರೆ. ಉಸಿರಾಡುವ, ಊಟ ಮಾಡುವ, ನೀರು ಕುಡಿಯುವ ಎಲ್ಲರ ಮೈಯಲ್ಲೂ ಚೂರುಪಾರು ಸೀಸ, ಪಾದರಸ ಇದ್ದೇ ಇರುತ್ತದೆ. ಔಷಧಿ ಅದನ್ನು ಎಳೆದು ತರುತ್ತದೆ. ಅಂಕಿ ಏರುತ್ತದೆ. ಏರಲೇಬೇಕು, ಔಷಧಿಯ ಕೆಲಸವೇ ಅದು. ಈ ಏರಿದ ಅಂಕಿಯನ್ನು ಹೋಲಿಸುವುದು ಯಾವುದಕ್ಕೆ ಗೊತ್ತಾ? ಔಷಧಿ ಕುಡಿಯದವರ ಮೂತ್ರದ ಲೆಕ್ಕಕ್ಕೆ. ಮಗುವನ್ನು ಮಹಡಿ ಮೆಟ್ಟಿಲ ಮೇಲೆ ನಾಲ್ಕು ಸಲ ಹತ್ತಿಸಿ ಇಳಿಸಿ, ತಕ್ಷಣ ನಾಡಿ ಹಿಡಿದು, ಮಲಗಿದವರ ನಾಡಿಗಿಂತ ಜಾಸ್ತಿ ಇದೆ, ಹೃದ್ರೋಗ ಇದೆ ಅಂದರೆ ಹೇಗಿರುತ್ತದೋ ಹಾಗೆ.

ಅಪರೂಪಕ್ಕೆ ಯಾವ ತಾಯಿಗಾದರೂ ಅನುಮಾನ ಬರುತ್ತದೆ ಅಂತ ಇಟ್ಟುಕೊಳ್ಳಿ.

"ಡಾಕ್ಟ್ರೇ, ಔಷಧಿ ಕೊಡದೆ ಒಂದು ಸಲ ಟೆಸ್ಟ್ ಮಾಡಬಹುದಲ್ವಾ?"

"ಮಾಡಬಹುದಮ್ಮ. ಆದರೆ ಅದರಲ್ಲಿ ಏನೂ ಕಾಣಲ್ಲ."

"ಕಾಣಲ್ಲ ಅಂದ್ರೆ, ಇಲ್ಲ ಅಂತಲ್ವಾ?"

"ಇಲ್ಲ ಅಂತಲ್ಲಮ್ಮ. ಅಡಗಿ ಕೂತಿದೆ ಅಂತ."

ಸೀಸ ಮೂಳೆಯಲ್ಲಿ ವರ್ಷಗಟ್ಟಲೆ ಅಡಗಿ ಕೂರುವುದು ನಿಜವೇ. ಅರ್ಧ ನಿಜ ಸೇರಿಸದೆ ಯಾವ ಸುಳ್ಳೂ ಮಾರಾಟವಾಗುವುದಿಲ್ಲ. ಆದರೆ ಈ ಕೆಣಕಿ ತೆಗೆದ ಮೂತ್ರದ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲ, ಉಪಯೋಗ ಕಂಡಿಲ್ಲ, ಅಪಾಯವೂ ಆಗಬಹುದು ಅಂತ ಅಮೆರಿಕದ ವಿಷವೈದ್ಯರ ಸಂಸ್ಥೆ 2010ರಲ್ಲೇ ಬರೆದಿಟ್ಟಿದೆ. ವಿಷದ ವಿಚಾರವನ್ನೇ ಜೀವನಪೂರ್ತಿ ಓದಿದವರ ಮಾತು ಅದು. ಆದರೆ ಅವರ ಹತ್ತಿರ ಬಣ್ಣದ ರಿಪೋರ್ಟ್ ಇಲ್ಲವಲ್ಲ.

ರಿಪೋರ್ಟ್ ನೋಡಿದ್ದೀರಾ? ಎಡಕ್ಕೆ ಲೋಹಗಳ ಹೆಸರು ಸಾಲಾಗಿ. ಬಲಕ್ಕೆ ಹಸಿರು, ಹಳದಿ, ಕೆಂಪು ಪಟ್ಟಿ. ಹಸಿರಿನಲ್ಲಿ ಶುರುವಾದ ಕಪ್ಪು ಗೆರೆ ಹಳದಿ ದಾಟಿ ಕೆಂಪಿನೊಳಗೆ ನುಗ್ಗಿರುತ್ತದೆ. ಔಷಧಿ ಕೊಟ್ಟು ತೆಗೆದ ಮಾದರಿ, ಕೊಡದವರ ಅಳತೆ ಅನ್ನುವ ಮಾತು ಕೆಳಗೆ ಎಲ್ಲೋ ಇರುವೆ ಸಾಲಿನಂಥ ಅಕ್ಷರದಲ್ಲಿ ಇದ್ದರೆ ಇದ್ದೀತು. ರಾತ್ರಿ ಹನ್ನೆರಡು ಗಂಟೆಗೆ ಮಗುವನ್ನು ಮಲಗಿಸಿ ಆ ಕಾಗದ ಬಿಡಿಸಿದ ತಾಯಿಗೆ ಕಾಣುವುದು ಕೆಂಪು ಮಾತ್ರ.

ಆ ತಾಯಿಯನ್ನು ನೋಡಿ ನಗಲು ನನಗೆ ಮನಸ್ಸಿಲ್ಲ. ಸರಿಯಾದ ಡಾಕ್ಟರು ಅವಳಿಗೆ ಐದು ನಿಮಿಷ ಕೊಟ್ಟಿರುತ್ತಾರೆ. "ಆಟಿಸಂ ಇರಬಹುದು, ಥೆರಪಿ ಶುರು ಮಾಡಿ" ಅಂದಿರುತ್ತಾರೆ. ಥೆರಪಿಗೆ ತಿಂಗಳುಗಟ್ಟಲೆ ಕಾಯಬೇಕು. ಡೀಟಾಕ್ಸ್ ತಜ್ಞ ಒಂದು ಗಂಟೆ ಕೂರಿಸಿಕೊಂಡು ಮಾತಾಡುತ್ತಾನೆ, ಮಗುವಿನ ಹೆಸರು ನೆನಪಿಟ್ಟುಕೊಳ್ಳುತ್ತಾನೆ, ನಾಳೆಯೇ ಬನ್ನಿ ಅನ್ನುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ ಒಬ್ಬ ಅಪರಾಧಿಯನ್ನು ಹಿಡಿದು ಕೊಡುತ್ತಾನೆ. ಹಿಂದೆ ಆ ಅಪರಾಧಿ ಲಸಿಕೆಯಲ್ಲಿದ್ದ ಥೈಮೆರೊಸಾಲ್ ಎಂಬ ಪಾದರಸದ ಸಂಯುಕ್ತ. ಅಮೆರಿಕದಲ್ಲಿ 2001ರ ಹೊತ್ತಿಗೆ ಪುಟ್ಟ ಮಕ್ಕಳ ಮಾಮೂಲಿ ಲಸಿಕೆಗಳಿಂದ ಅದನ್ನು ತೆಗೆದರು. ಆಟಿಸಂ ಪತ್ತೆಯಾಗುವುದು ಕಡಿಮೆಯಾಗಲಿಲ್ಲ, ಏರುತ್ತಲೇ ಹೋಯಿತು. ಬೇರೆ ಯಾರಾದರೂ ಆಗಿದ್ದರೆ ನಾಚಿ ಅಂಗಡಿ ಮುಚ್ಚುತ್ತಿದ್ದರು. ಇವರು ಲೋಹ ಬದಲಾಯಿಸಿದರು.

ಚಿಕಿತ್ಸೆ ಶುರುವಾದ ಮೇಲೆ ಸೋಲೆಂಬುದೇ ಇಲ್ಲ. ಎರಡನೇ ಪರೀಕ್ಷೆಯಲ್ಲಿ ಅಂಕಿ ಇಳಿದರೆ ಔಷಧಿ ಕೆಲಸ ಮಾಡುತ್ತಿದೆ. ಏರಿದರೆ ಒಳಗಿನದು ಈಗ ಸಡಿಲವಾಗಿ ಹೊರಗೆ ಬರುತ್ತಿದೆ, ಇನ್ನೂ ಒಳ್ಳೆಯದು. ಹಾಗೇ ಇದ್ದರೆ ಬೇರು ಆಳಕ್ಕೆ ಹೋಗಿದೆ, ಇನ್ನೊಂದು ಕೋರ್ಸ್ ಬೇಕು. ಮಗು ವಾಂತಿ ಮಾಡಿಕೊಂಡರೆ ವಿಷ ಹೊರಬರುತ್ತಿರುವ ಲಕ್ಷಣ. ಈ ನಡುವೆ ಮಗು ಎರಡು ಹೊಸ ಮಾತು ಕಲಿತರೆ ಅದು ಔಷಧಿಯ ಮಹಿಮೆ. ಮಗುವಿಗೆ ಆರು ತಿಂಗಳು ವಯಸ್ಸು ಜಾಸ್ತಿಯಾಗಿದೆ, ಆ ವಯಸ್ಸಿನಲ್ಲಿ ಮಕ್ಕಳು ಮಾತು ಕಲಿಯುತ್ತವೆ ಅನ್ನುವುದು ಯಾವ ಕಾಗದದಲ್ಲೂ ಇರುವುದಿಲ್ಲ.

ಈಗ ಔಷಧಿಯ ಕಥೆ. ಇದು ಹುಟ್ಟಿದ್ದು ಯುದ್ಧದಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಲೂಯಿಸೈಟ್ ಎಂಬ ಆರ್ಸೆನಿಕ್ ವಿಷಾನಿಲಕ್ಕೆ ಮದ್ದಾಗಿ ಆಕ್ಸ್‌ಫರ್ಡ್‌ನ ವಿಜ್ಞಾನಿಗಳು ಡೈಮರ್ಕಾಪ್ರಾಲ್ ಕಂಡುಹಿಡಿದರು. ಆಮೇಲೆ ಸೀಸದ ವಿಷಕ್ಕೆ ಇಡಿಟಿಎ ಬಂತು. ಬಾಯಿಂದ ಕೊಡಬಹುದಾದ ಸಕ್ಸಿಮರ್‌ಗೆ 1991ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದೂ ಯಾವ ಮಕ್ಕಳಿಗೆ? ಒಂದು ಡೆಸಿಲೀಟರ್ ರಕ್ತದಲ್ಲಿ 45 ಮೈಕ್ರೋಗ್ರಾಂಗಿಂತ ಜಾಸ್ತಿ ಸೀಸ ಇದ್ದವರಿಗೆ. ನೆನಪಿಡಿ, ರಕ್ತದಲ್ಲಿ. ಕೂದಲಲ್ಲಲ್ಲ, ಕೆಣಕಿದ ಮೂತ್ರದಲ್ಲಲ್ಲ. 2010ರಲ್ಲಿ ನೈಜೀರಿಯಾದ ಜಂಫಾರಾದಲ್ಲಿ ಚಿನ್ನದ ಅದಿರನ್ನು ಹಳ್ಳಿಯೊಳಗೇ ಪುಡಿಮಾಡಿ ನೂರಾರು ಮಕ್ಕಳು ಸೀಸದ ವಿಷಕ್ಕೆ ಸತ್ತಾಗ, ಉಳಿದ ಮಕ್ಕಳಿಗೆ ಕೊಟ್ಟದ್ದು ಇದೇ ಔಷಧಿ. ಅಲ್ಲಿ ಗಣಿ ನಿಜವಾಗಿಯೂ ಇತ್ತು.

ಕಡಿಮೆ ಸೀಸ ಇರುವವರಿಗೂ ಕೊಟ್ಟರೆ ಏನಾಗುತ್ತದೆ ಅಂತಲೂ ನೋಡಿಯಾಗಿದೆ. 20ರಿಂದ 44 ಮೈಕ್ರೋಗ್ರಾಂ ಸೀಸವಿದ್ದ 780 ಮಕ್ಕಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2001ರಲ್ಲಿ ಬಂತು. ಸಕ್ಸಿಮರ್ ಕುಡಿದವರ ರಕ್ತದಲ್ಲಿ ಸೀಸ ಇಳಿಯಿತು. ಬುದ್ಧಿಶಕ್ತಿ, ನಡವಳಿಕೆ ಯಾವುದೂ ಸುಧಾರಿಸಲಿಲ್ಲ. ನಿಜವಾಗಿ ಸೀಸ ಇದ್ದವರ ಗತಿ ಇದು. ಇನ್ನು ಇಲ್ಲದವರಿಗೆ? ಕಾರ್ನೆಲ್ ವಿಶ್ವವಿದ್ಯಾಲಯದವರು ಇಲಿಗಳಿಗೆ ಕೊಟ್ಟು ನೋಡಿದರು. ಸೀಸ ತಿಂದಿದ್ದ ಇಲಿಗಳಿಗೆ ಪ್ರಯೋಜನವಾಯಿತು. ಸೀಸವೇ ಇಲ್ಲದೆ ಔಷಧಿ ಕುಡಿದ ಇಲಿಗಳು ಮಂಕಾದವು, ಆ ಮಂಕು ಹೋಗಲೂ ಇಲ್ಲ. ಆಟಿಸಂ ಇರುವ ಮಕ್ಕಳ ಮೇಲೆ ಅಮೆರಿಕ ಸರ್ಕಾರದ ಮಾನಸಿಕ ಆರೋಗ್ಯ ಸಂಸ್ಥೆ ನಡೆಸಬೇಕು ಅಂತಿದ್ದ ಪ್ರಯೋಗವನ್ನು 2008ರಲ್ಲಿ ಕೈಬಿಟ್ಟರು. ಪ್ರಯೋಗ ಮಾಡುವುದೇ ಮಕ್ಕಳಿಗೆ ಅಪಾಯ ಅನ್ನಿಸಿತು ಅವರಿಗೆ. ಪ್ರಯೋಗ ಮಾಡದೆ ಹಾಗೇ ಕೊಡುವವರಿಗೆ ಏನೂ ಅನ್ನಿಸಲಿಲ್ಲ.

ಈ ಔಷಧಿಗಳಿಗೆ ಒಳ್ಳೆಯ ಲೋಹ, ಕೆಟ್ಟ ಲೋಹ ಅಂತ ಪಕ್ಕಾ ಗೊತ್ತಾಗುವುದಿಲ್ಲ. ಮೈಗೆ ಬೇಕಾದ ಸತು, ತಾಮ್ರವನ್ನೂ ಕೆಲವು ಎಳೆದುಕೊಂಡು ಹೋಗುತ್ತವೆ. ಇಡಿಟಿಎಯಲ್ಲಿ ಎರಡು ಬಗೆ, ಹೆಸರು ಹೆಚ್ಚುಕಡಿಮೆ ಒಂದೇ. ಒಂದರಲ್ಲಿ ಮೊದಲೇ ಕ್ಯಾಲ್ಸಿಯಂ ಸೇರಿಸಿರುತ್ತಾರೆ, ಇನ್ನೊಂದರಲ್ಲಿ ಇಲ್ಲ. ಇಲ್ಲದ್ದು ರಕ್ತದ ಕ್ಯಾಲ್ಸಿಯಂ ಅನ್ನೇ ಕಸಿದುಕೊಳ್ಳುತ್ತದೆ, ಹೃದಯವೇ ನಿಲ್ಲಬಹುದು. 2005ರಲ್ಲಿ ಅಮೆರಿಕದಲ್ಲಿ ಹೀಗೆ ಇಬ್ಬರು ಮಕ್ಕಳು ಸತ್ತರು. ಒಂದು ಮಗುವಿಗೆ ನಿಜವಾಗಿ ಸೀಸವಿತ್ತು, ಆಸ್ಪತ್ರೆಯಲ್ಲೇ ತಪ್ಪು ಬಗೆಯದು ಹೋಯಿತು. ಇನ್ನೊಂದು ಐದು ವರ್ಷದ ಹುಡುಗ. ಆಟಿಸಂ ವಾಸಿಯಾಗಲಿ ಅಂತ ಅವನಿಗೆ ಚುಚ್ಚಿದ್ದರು. ಈ ಎರಡು ಸಾಲಿಗೆ ನನ್ನ ಹತ್ತಿರ ಯಾವ ತಮಾಷೆಯೂ ಇಲ್ಲ.

ಸೂಜಿಗೆ ಹೆದರುವವರಿಗೆ ಅಂತ ಹನಿ, ಸ್ಪ್ರೇ, ಕ್ಯಾಪ್ಸೂಲ್ ಇವೆ. 2010ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇಂಥವನ್ನು ಮಾರುತ್ತಿದ್ದ 8 ಕಂಪನಿಗಳಿಗೆ ಎಚ್ಚರಿಕೆ ಪತ್ರ ಕೊಟ್ಟಿತು. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಪಾದಸ್ನಾನದ ಯಂತ್ರ. ಉಪ್ಪುನೀರಿನ ಬೋಗುಣಿಯಲ್ಲಿ ಮಗುವಿನ ಕಾಲಿಟ್ಟು ಕರೆಂಟ್ ಹರಿಸಿದರೆ ಅರ್ಧ ಗಂಟೆಯಲ್ಲಿ ನೀರು ಕಂದು ಬಣ್ಣಕ್ಕೆ ತಿರುಗುತ್ತದೆ. "ನೋಡಿ, ಎಷ್ಟು ವಿಷ ಬಂತು!" ಅನ್ನುತ್ತಾರೆ. ಕಾಲಿಡದೆ ಸ್ವಿಚ್ ಹಾಕಿದರೂ ಅಷ್ಟೇ ಕಂದಾಗುತ್ತದೆ. ಯಂತ್ರದ ಕಬ್ಬಿಣ ತುಕ್ಕು ಹಿಡಿಯುವ ಬಣ್ಣ ಅದು. ಅಂತೂ ಲೋಹ ಇದೆ ಅನ್ನುವುದು ಸುಳ್ಳಲ್ಲ, ಅದು ಇರುವುದು ಯಂತ್ರದಲ್ಲಿ.

ಇಷ್ಟೆಲ್ಲ ಗದ್ದಲದಲ್ಲಿ ನಿಜವಾದ ಸೀಸ ಆರಾಮಾಗಿದೆ. ಜಗತ್ತಿನ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ, ಅಂದರೆ ಮೂವರಲ್ಲಿ ಒಬ್ಬರ ರಕ್ತದಲ್ಲಿ, ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಸೀಸ ಇದೆ ಅಂತ ಯುನಿಸೆಫ್ 2020ರಲ್ಲಿ ಅಂದಾಜು ಮಾಡಿತು. ಅದು ಬರುವುದು ಗೋಡೆಯ ಹಳೇ ಬಣ್ಣದಿಂದ, ಬಯಲಲ್ಲಿ ಒಡೆದು ಕರಗಿಸುವ ಬ್ಯಾಟರಿಯಿಂದ, ಅಪ್ಪನ ಕೆಲಸದ ಬಟ್ಟೆಗೆ ಅಂಟಿದ ಧೂಳಿನಿಂದ. ಸರಿಯಾದ ಡಾಕ್ಟರು ರಕ್ತನಾಳದಿಂದ ರಕ್ತ ತೆಗೆದು ಪರೀಕ್ಷೆ ಮಾಡಿಸಿ, ಆಮೇಲೆ ಬೋರು ಹೊಡೆಸುವ ಪ್ರಶ್ನೆ ಕೇಳುತ್ತಾರೆ. ಮನೆಗೆ ಬಣ್ಣ ಹೊಡೆದು ಎಷ್ಟು ಕಾಲವಾಯಿತು? ಮಗು ಕಿಟಕಿಯ ಚಕ್ಕೆ ಬಾಯಿಗೆ ಹಾಕುತ್ತದೆಯೇ? ನೀವು ಎಲ್ಲಿ ಕೆಲಸ ಮಾಡುತ್ತೀರಿ? ಸೀಸ ಬರುವ ದಾರಿ ಮುಚ್ಚದೆ ಔಷಧಿ ಕೊಟ್ಟು ಮಗುವನ್ನು ಅದೇ ಮನೆಗೆ ಕಳಿಸಿದರೆ ಇಳಿದ ಅಂಕಿ ಮತ್ತೆ ಏರುತ್ತದೆ ಅಂತ ಅವರಿಗೆ ಗೊತ್ತು. ಡೀಟಾಕ್ಸ್ ತಜ್ಞರ ಫಾರಂನಲ್ಲಿ ಸಿಟ್ಟಿನ ಬಗ್ಗೆ ಖಾನೆ ಇದೆ, ಗೋಡೆಯ ಬಗ್ಗೆ ಇಲ್ಲ. ಗೋಡೆ ಕೆರೆಯುವುದಕ್ಕೆ ಯಾರೂ ಹತ್ತು ಕೋರ್ಸ್ ಕೊಡುವುದಿಲ್ಲ ನೋಡಿ.

ಆದರೂ ಹೋಗಿಯೇ ತೀರುತ್ತೇವೆ ಅನ್ನುವವರು ಅಲ್ಲಿ ಒಂದೇ ಒಂದು ಕಾಗದ ಕೇಳಿ ನೋಡಿ. ಈ ಪರೀಕ್ಷೆಯಲ್ಲಿ ಪಾಸಾದ ಮಗುವಿನ ರಿಪೋರ್ಟ್. "ಏನೂ ಇಲ್ಲ, ಕರ್ಕೊಂಡು ಹೋಗಿ ಆಡಿಸಿ" ಅಂತ ಬರೆದು ಕಳಿಸಿದ್ದು, ಹೆಸರು ಮುಚ್ಚಿಯಾದರೂ ಸರಿ, ಒಂದು ತೋರಿಸಲಿ. ತಜ್ಞರು ನಗುತ್ತಾರೆ. ಮನೆಯವರೆಲ್ಲರಿಗೂ ಸೇರಿಸಿ ಒಂದು ಪ್ಯಾಕೇಜ್ ಇದೆ, ರಿಯಾಯಿತಿಯೂ ಇದೆ ಅನ್ನುತ್ತಾರೆ. ಅಪ್ಪನ ತಲೆ ಬೋಳಾಗಿದ್ದರೆ ಚಿಂತೆ ಬೇಡ, ಉಗುರೂ ನಡೆಯುತ್ತದಂತೆ.